ಅತ್ತೆಯ ಹೆಸರು ಕೆಡಿಸಿದ ಕಣ್ಣೀರು

ನನ್ನ ಕಣ್ಣು ಒಣಗಿವೆ ಎಂದು ಡಾಕ್ಟರು ಹೇಳಿದ ಹೊತ್ತಿಗೆ ನನ್ನ ಗದ್ದದಿಂದ ನೀರು ತೊಟ್ಟಿಕ್ಕುತ್ತಿತ್ತು. ಸೆರಗಿನ ತುದಿ ಹಿಂಡಿದ್ದರೆ ಒಂದು ಮಲ್ಲಿಗೆ ಗಿಡಕ್ಕೆ ಸಾಲುವಷ್ಟು ಸಿಗುತ್ತಿತ್ತು. ಇಂಥ ಸ್ಥಿತಿಯಲ್ಲಿರುವ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ನಿನ್ನ ಕಣ್ಣು ಒಣಗಿವೆಯಮ್ಮ ಎನ್ನಬೇಕಾದರೆ ಒಂದೋ ಬಹಳ ಓದಿರಬೇಕು, ಇಲ್ಲವೇ ಓದಿದ್ದೆಲ್ಲ ಮರೆತಿರಬೇಕು. ಆಕೆ ಬಹಳ ಓದಿದವರೇ ಎಂದು ಆಮೇಲೆ ಗೊತ್ತಾಯಿತು. ನಾನು ಆ ಕುರ್ಚಿಯ ತನಕ ಹೋಗಿದ್ದಾದರೂ ಕಣ್ಣಿನ ಕಾಳಜಿಯಿಂದೇನೂ ಆಗಿರಲಿಲ್ಲ. ನನ್ನ ಕಣ್ಣೀರು ನಮ್ಮ ಅತ್ತೆಯ ಹೆಸರನ್ನು ಓಣಿ ತುಂಬ ಕೆಡಿಸಿತ್ತು. ಆ ಹೆಸರನ್ನು ತೊಳೆದುಕೊಳ್ಳಲು ಅತ್ತೆಯೇ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿದ್ದರು.

ನಮ್ಮ ಮನೆ ಆಂಧ್ರದ ಗಡಿಯೂರು ಆದೋನಿಯಲ್ಲಿ. ನಾನು ಅಲ್ಲಿಂದ ಆಚೆ ಬಸ್ಸಿನಲ್ಲಿ ಹೋಗಬೇಕಾದ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಟೀಚರು. ನಮ್ಮ ಮನೆಯವರು ಹತ್ತಿ ಮಾರ್ಕೆಟ್ಟಿನಲ್ಲಿ ದಲಾಲಿ. ಮಗಳು ಕರ್ನೂಲಿನ ಹಾಸ್ಟೆಲ್ಲಿನಲ್ಲಿ ಓದುತ್ತಾಳೆ. ಹಾಗಾಗಿ ಮನೆಯಲ್ಲಿ ಮಾತಾಡುವವರು ಅತ್ತೆ, ಕೇಳುವವಳು ನಾನು. ಬಸ್ಸಿನಲ್ಲಿ ನನಗೆ ಸಿಗುವುದು ಯಾವಾಗಲೂ ಗಾಜು ಮುಚ್ಚದ ಕಿಟಕಿ. ಶಾಲೆಯಲ್ಲಿ ಚಾಕ್‌ಪೀಸಿನ ಪುಡಿ. ಪಾಠ ಮುಗಿದ ಮೇಲೆ ಹಾಜರಿ, ಮಧ್ಯಾಹ್ನದ ಊಟ ಎಲ್ಲವನ್ನೂ ಫೋನಿನಲ್ಲಿ ತುಂಬಬೇಕು. ಸಿಗ್ನಲ್ ಬರುವ ತನಕ ಬೇವಿನ ಮರದ ಕೆಳಗೆ ನಿಂತು, ರೆಪ್ಪೆ ಬಡಿಯದೆ ಅದನ್ನೇ ದಿಟ್ಟಿಸಬೇಕು. ಸಂಜೆ ಊರಿಗೆ ಬಂದರೆ, ಹತ್ತಿ ಬರುವ ತಿಂಗಳುಗಳಲ್ಲಿ, ಗಾಳಿಯ ತುಂಬ ಹತ್ತಿಯ ಎಳೆ. ಒಣಹಾಕಿದ ಸೀರೆಯ ಮೇಲೆ, ಮೊಸರಿನ ಕೆನೆಯ ಮೇಲೆ, ಕಟ್ಟೆಯಲ್ಲಿ ಕೂತ ಮುದುಕರ ಮೀಸೆಯ ಮೇಲೆ ಅದು ಕೂತಿರುತ್ತದೆ.

ಮೊದಲು ಕಣ್ಣಲ್ಲಿ ಉಸುಕು ಬಿದ್ದ ಹಾಗೆ ಅನಿಸತೊಡಗಿತು. ಬೆಳಿಗ್ಗೆ ರೆಪ್ಪೆ ಅಂಟಿಕೊಂಡಿರುತ್ತಿದ್ದವು, ನೀರು ಹಚ್ಚಿ ಬಿಡಿಸಬೇಕಿತ್ತು. ಆಮೇಲೆ ಉರಿ. ಉರಿಯ ಬೆನ್ನಿಗೆ ನೀರು. ಅದೂ ಎಂಥ ನೀರು, ನಮ್ಮೂರಿನ ನಲ್ಲಿಯಲ್ಲಿ ಅಷ್ಟು ನಂಬಿಕೆಯಿಂದ ಎಂದೂ ಬಂದಿದ್ದಿಲ್ಲ. ಗಾಳಿ ಬಡಿದರೆ ಸುರಿಯುತ್ತಿತ್ತು, ಫ್ಯಾನ್ ಹಾಕಿದರೆ ಸುರಿಯುತ್ತಿತ್ತು, ಮೂರನೇ ತರಗತಿಯ ಕಾಪಿ ತಿದ್ದಲು ಕೂತರಂತೂ ಮಕ್ಕಳ ಕಾಗುಣಿತದ ಮೇಲೇ ಸುರಿಯುತ್ತಿತ್ತು. ಮಕ್ಕಳು ಪಾಪ, ತಮ್ಮ ಅಕ್ಷರ ನೋಡಿ ಟೀಚರು ಅಳುತ್ತಾರೆಂದು ಸ್ವಲ್ಪ ದಿನ ದುಂಡಗೆ ಬರೆದರು.

ಮಕ್ಕಳಿಗೆ ತೋಚಿದ ಕಾರಣವೇ ವಾಸಿ. ಓಣಿಗೆ ತೋಚಿದ್ದು ಬೇರೆ. ನಾನು ಬೆಳಿಗ್ಗೆ ಕಣ್ಣು ಒರೆಸಿಕೊಳ್ಳುತ್ತ ಹೊಸ್ತಿಲು ದಾಟುತ್ತಿದ್ದೆ, ಸಂಜೆ ಕಣ್ಣು ಒರೆಸಿಕೊಳ್ಳುತ್ತ ಹಿಂದಿರುಗುತ್ತಿದ್ದೆ. ಸೊಸೆ ಅಳುತ್ತ ಮನೆಯಿಂದ ಹೊರಟರೆ ಅದಕ್ಕೆ ಅತ್ತೆ ಕಾರಣ. ಅಳುತ್ತ ಮನೆಗೆ ಬಂದರೆ, ಒಳಗೆ ಅತ್ತೆ ಇದ್ದಾಳಲ್ಲ, ಅದು ಕಾರಣ. ಎದುರು ಮನೆಯಾಕೆ ಇದನ್ನು ಕಂಡುಹಿಡಿದು, ಹಾಲು ಹಾಕುವವನಿಗೆ ಹೇಳಿ, ಅವನ ಸೈಕಲ್ಲಿನ ಮೇಲೆ ಓಣಿಯ ಆ ತುದಿಗೆ ಕಳಿಸಿದಳು. ಒಂದು ಸಂಜೆ ನನ್ನನ್ನು ತಡೆದು, ಕೈ ಹಿಡಿದು, ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದಳು: "ಅಯ್ಯೋ ಪಾಪಂ, ಎಂತ ಚಿನ್ನದಂಥ ಮನಸು ನಿಂದು. ಓದೀದಿ, ನೌಕರಿ ಐತಿ, ಯಾಕ ತಡಕೊಂತಿ ಇಷ್ಟು?"

"ಕಣ್ಣಿಗೆ ಏನೋ ಆಗೈತ್ರಿ," ಅಂದೆ.

"ಎಲ್ಲಾರೂ ಹಂಗ ಅಂತಾರ," ಅಂದಳು ಆಕೆ, ನನ್ನ ಬೆನ್ನು ತಟ್ಟಿ.

ನಮ್ಮ ಅತ್ತೆ ನೋಡಲು ಈ ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿದ್ದರು, ಅದೇ ಕಷ್ಟ. ಎತ್ತರದ ಆಳು, ಹಣೆಯ ತುಂಬ ವಿಭೂತಿ, ಮೂಲೆಯ ಕಿರಾಣಿ ಅಂಗಡಿಗೆ ಮನೆಯೊಳಗಿಂದಲೇ ಸಾಮಾನು ಹೇಳುವಷ್ಟು ಗಂಟಲು. ಮದುವೆಮನೆಗಳಲ್ಲಿ ಚೀಲಗಟ್ಟಲೆ ಉಳ್ಳಾಗಡ್ಡಿ ಹೆಚ್ಚಲು ಅವರನ್ನೇ ಕರೆಯುತ್ತಿದ್ದರು. ಉಳಿದ ಹೆಂಗಸರು ಮೂಗು ಕಣ್ಣು ಸೋರಿಸಿಕೊಂಡು ಎದ್ದು ಓಡಿದರೆ ಇವರು ಕಣ್ಣು ಕೂಡ ಮಿಟುಕಿಸದೆ ರಾಶಿ ಹಾಕುತ್ತಿದ್ದರು. ನನಗೆ ಅವರಿಂದ ಕಷ್ಟವೇ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಸಾರಿಗೆ, ನನ್ನ ಸಂಬಳಕ್ಕೆ, ನಾನು ಬಾಗಿಲು ಹಾಕುವ ಸದ್ದಿಗೆ ಅವರ ಹತ್ತಿರ ಮಾತು ತಯಾರಿರುತ್ತಿತ್ತು. ಆದರೆ ಅದಕ್ಕೆಲ್ಲ ಅಳುವ ಪೈಕಿ ನಾನಲ್ಲ. ನಾನೂ ತಿರುಗಿ ಅನ್ನುತ್ತಿದ್ದೆ. ಲೆಕ್ಕ ಆಗಾಗ ಚುಕ್ತಾ ಆಗುತ್ತಿತ್ತು.

ಓಣಿಯ ಮಾತು ಅತ್ತೆಯ ಕಿವಿಗೆ ಬಿದ್ದ ದಿನ ಅವರು ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳಿದರು: "ಹೊರಗ ಹೋಗುವಾಗ ಆ ಕಣ್ಣೊಂದಿಷ್ಟು ಒಳಗ ಒರಸ್ಕೊಂಡು ಹೋಗಾಕ ಬರಲ್ಲೇನು ನಿನಗ?"

"ಒರಸ್ಕೊಂಡ ಹೋಗೀನ್ರಿ ಅತ್ತಿ. ಮತ್ತ ಬರ್ತಾವ."

"ಹಂಗಾರ ಹಿತ್ತಲ ಬಾಗಿಲಿಂದ ಹೋಗು."

ಹಿತ್ತಲ ಬಾಗಿಲಿಂದ ಹೋದೆ. ಆ ಕಡೆಯ ಓಣಿಗೂ ವಿಷಯ ಗೊತ್ತಾಯಿತು, ಅಷ್ಟೇ ಲಾಭ.

ಔಷಧಿಗೇನೂ ಕೊರತೆ ಇರಲಿಲ್ಲ. ಯಾರೋ ಹರಳೆಣ್ಣೆ ಅಂದರು, ಯಾರೋ ಕೊತ್ತಂಬರಿ ನೆನೆಸಿದ ನೀರು ಅಂದರು. ಎದುರು ಮನೆಯಾಕೆಯ ಮಗಳು ಬಾಣಂತನಕ್ಕೆ ಬಂದಿದ್ದಳು. ಅವಳ ಎದೆಹಾಲು ಎರಡು ಹನಿ ಬಿಡಿಸುತ್ತೇನೆಂದು ಆಕೆ ಬಟ್ಟಲು ಹಿಡಿದೇ ಬಂದಳು. ಕೂಸಿನ ಪಾಲಿಗೆ ಕೈ ಹಾಕಲಾರೆ ಎಂದು ಹೇಳಿ ಕಳಿಸಿದೆ. ಮೆಡಿಕಲ್ ಶಾಪಿನವನು ನನ್ನ ಮುಖ ಕೂಡ ಸರಿಯಾಗಿ ನೋಡದೆ ಕೆಂಪು ಹೋಗುವ ಹನಿ ಕೊಟ್ಟ. ಕೆಂಪು ಹೋಯಿತು, ವಾರ ಬಿಟ್ಟು ತನ್ನ ಬಳಗವನ್ನೆಲ್ಲ ಕರೆದುಕೊಂಡು ಬಂತು.

ಕಡೆಗೆ ಅತ್ತೆ ನನ್ನನ್ನು ಕಣ್ಣಿನ ಕಸ ತೆಗೆಯುವ ಮುದುಕಿಯ ಹತ್ತಿರ ಕಳಿಸಿದರು. ನಮ್ಮ ಕಡೆ ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ರೆಪ್ಪೆ ಮೇಲೆತ್ತಿ, ನಾಲಗೆಯ ತುದಿಯಿಂದ ಕಣ್ಣನ್ನು ಒಂದು ಸುತ್ತು ಸವರಿ, ಅಂಗೈ ಮೇಲೆ ಉಗುಳಿ, ಒಳಗಿದ್ದುದನ್ನು ತೋರಿಸುತ್ತಾರೆ. ಮುದುಕಿ ಎಲೆ ಅಡಿಕೆ ಹಾಕಿದ್ದಳು. ಮೊದಲ ಸಲ ಹತ್ತಿಯ ಎಳೆ ತೆಗೆದಳು. ಅದನ್ನು ನಂಬಿದೆ, ನಮ್ಮೂರಲ್ಲಿ ಅದು ಎಲ್ಲಿಂದಾದರೂ ಬಂದೀತು. ಮುಂದಿನ ಸಲ ಉಸುಕಿನ ಹರಳು ಬಂತು. ಅದರ ಮುಂದಿನ ಸಲ ಇಟ್ಟಿಗೆಯ ಚೂರು ಬಂತು. ಒಂದು ಸಣ್ಣ ಕೋಣೆ ಕಟ್ಟುವಷ್ಟು ಸಾಮಾನನ್ನು ನಾನು ಕಣ್ಣಲ್ಲಿಟ್ಟುಕೊಂಡು ತಿರುಗುತ್ತಿದ್ದೆ ಅಂತಾಯಿತು. ಸಿಮೆಂಟು ಬರುವ ತನಕ ಕಾಯುವುದು ಬೇಡವೆಂದು ಬಿಟ್ಟೆ.

ಅಷ್ಟರಲ್ಲಿ ಸುದ್ದಿ ನನ್ನ ತವರು ಮದ್ದಿಕೇರಕ್ಕೆ ಮುಟ್ಟಿತು. ಊರಿನವರು ಯಾರೋ ಆದೋನಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿ, ಹೋಗಿ ನಮ್ಮಣ್ಣನಿಗೆ ಹೇಳಿದ್ದರು, ನಿನ್ನ ತಂಗಿ ಕಂಬಕ್ಕೆ ಒರಗಿ ನಿಂತು ಅಳುತ್ತಿದ್ದಳು ಎಂದು. ಕಂಬಕ್ಕೆ ಒರಗಿದ್ದು ನಿಜ, ಕೂರಲು ಜಾಗ ಇರಲಿಲ್ಲ. ಭಾನುವಾರ ಬೆಳಿಗ್ಗೆ ಅಣ್ಣ ಇಬ್ಬರು ಹಿರಿಯರನ್ನು, ಒಂದು ಚೀಲ ಹಸಿ ಶೇಂಗಾವನ್ನು ಹೊತ್ತುಕೊಂಡು ಬಂದಿಳಿದ. ಶೇಂಗಾ ಬೀಗತನಕ್ಕೆ, ಹಿರಿಯರು ಪಂಚಾಯ್ತಿಗೆ. ನಮ್ಮ ಮನೆಯವರು ಪರಿಸ್ಥಿತಿ ನೋಡಿ, ಭಾನುವಾರವೂ ಯಾರದೋ ಹತ್ತಿ ತೂಕ ಇದೆಯೆಂದು ಹೇಳಿ ಚಪ್ಪಲಿ ಮೆಟ್ಟಿದರು.

ಪಡಸಾಲೆಯಲ್ಲಿ ಚಾಪೆ ಹಾಸಿದೆವು. ಅತ್ತೆ ಚೊಂಬಿನಲ್ಲಿ ನೀರು ಕೊಟ್ಟು, ಚಹಾ ಕೊಟ್ಟು, ಅಡುಗೆಮನೆಯ ಬಾಗಿಲಿಗೆ ನಿಂತರು. ಹಿರಿಯರಲ್ಲಿ ದೊಡ್ಡವರು ಗಂಟಲು ಸರಿಮಾಡಿಕೊಂಡರು.

"ಹೇಳು ತಾಯಿ. ಅಂಜಬ್ಯಾಡ. ನಾವು ಅದೀವಿ."

"ಏನ್ ಹೇಳ್ಲಿ ಯಜಮಾನ್ರ? ನನಗ ಯಾರೂ ಏನೂ ಅಂದಿಲ್ಲ. ಕಣ್ಣಿನ ಬ್ಯಾನಿ ಇದು," ಅಂದೆ. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಕಣ್ಣುಗಳು ಎರಡೂ ತುಂಬಿ, ನೀರು ಕೆನ್ನೆಯ ಮೇಲೆ ಇಳಿಯಿತು.

"ಅತ್ತಿ ಬಾಗಿಲಾಗ ನಿಂತಾಳ, ಹೆಂಗ ಹೇಳ್ತಾಳ ಪಾಪ," ಅಂದರು ಇನ್ನೊಬ್ಬರು.

ನನಗೆ ನಗು ಬಂತು. ತಡೆದರೂ ನಿಲ್ಲಲಿಲ್ಲ. ನಕ್ಕರೆ ನೀರು ಇನ್ನೂ ಜೋರು. ಸೆರಗು ಬಾಯಿಗೆ ತುರುಕಿಕೊಂಡು, ಮೈಯೆಲ್ಲ ಅಲುಗಿಸಿಕೊಂಡು ನಗುತ್ತಿದ್ದ ನನ್ನನ್ನು ನೋಡಿ ಅಣ್ಣನ ಕಣ್ಣಲ್ಲೂ ನೀರು ಬಂತು. ದೊಡ್ಡವರು ಪಕ್ಕದವರ ಕಿವಿಯಲ್ಲಿ, ಇಡೀ ಪಡಸಾಲೆಗೆ ಕೇಳುವ ಹಾಗೆ, "ತಲಿಗೂ ಹತ್ತೈತಿ," ಅಂದರು.

ಅತ್ತೆಯ ಕಡೆ ನೋಡಿದೆ. ಮಾರ್ಕೆಟ್ಟಿನ ದಲಾಲಿಗಳನ್ನೇ ಮಾತಿನಲ್ಲಿ ಕೂರಿಸುತ್ತಿದ್ದ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತಿದ್ದರು. ಬಾಯಿ ತೆರೆದರೆ ಗಯ್ಯಾಳಿ, ಮುಚ್ಚಿದರೆ ತಪ್ಪಿತಸ್ಥೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ಮುಖ ಸಣ್ಣದಾಗಿತ್ತು. ನನಗೆ ಅವರ ಮೇಲೆ ಕನಿಕರ ಹುಟ್ಟಿತು, ಅದು ನನಗೇ ಹಿಡಿಸಲಿಲ್ಲ. ಅವರ ಜೊತೆ ಜಗಳ ಆಡಿ ರೂಢಿ, ಕನಿಕರದ ರೂಢಿ ಇರಲಿಲ್ಲ.

ಕಡೆಗೆ ಅವರು ಚಾಪೆಯ ತುದಿಗೆ ಬಂದು ಅಣ್ಣನಿಗೆ ಹೇಳಿದರು. "ನೋಡಪ್ಪಾ, ನಾ ಏನ್ ಹೇಳಿದ್ರೂ ನೀ ನಂಬಲ್ಲ. ಆಕಿ ಹೇಳಿದ್ರೂ ನಂಬಲ್ಲ. ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೂಣು, ನೀನೂ ಬಾ. ಅವರು ಏನಂತಾರ ಅದ ಖರೆ. ನಂದ ತಪ್ಪಿದ್ರ ಆಕಿನ ಕರಕೊಂಡು ಹೋಗು."

ಹಿರಿಯರು ಮಧ್ಯಾಹ್ನದ ಬಸ್ಸಿಗೆ ಹೋದರು. ಅಣ್ಣ ಉಳಿದ. ಊಟಕ್ಕೆ ಕೂತವನು ನನಗೆಷ್ಟು ಬಡಿಸುತ್ತಾರೆಂದು ಪ್ರತಿ ತುತ್ತಿಗೂ ನನ್ನ ತಟ್ಟೆ ನೋಡಿದ. ಅವನ ತಟ್ಟೆಯ ಮೊಸರನ್ನು ಬೆಕ್ಕು ನೆಕ್ಕಿ ಹೋಗಿದ್ದು ಅವನಿಗೆ ಗೊತ್ತಾಗಲಿಲ್ಲ.

ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ತೆಲುಗಿನವರು, ಆದರೆ ಆದೋನಿಯಲ್ಲಿ ರೋಗಿಗಳನ್ನು ನೋಡಿ ನೋಡಿ ನಮ್ಮ ಕನ್ನಡ ಕಲಿತಿದ್ದರು, ನಡುನಡುವೆ ತೆಲುಗು ಇಣುಕುತ್ತಿತ್ತು. ಕೋಣೆಯಲ್ಲಿ ರೋಗಿ ಒಬ್ಬಳೇ ಇರಬೇಕೆಂದರು. ಅತ್ತೆ ಬಾಗಿಲು ಬಿಟ್ಟು ಕದಲಲಿಲ್ಲ. "ಇದು ಕಣ್ಣಿನ ಮಾತಲ್ಲಮ್ಮಾ, ನನ್ನ ಮನಿ ಮಾತು. ಇಂವ ನೋಡಬೇಕು," ಎಂದು ಅಣ್ಣನನ್ನು ಒಳಗೆ ದೂಡಿದರು. ಡಾಕ್ಟರು ಒಮ್ಮೆ ನನ್ನ ಮುಖ ನೋಡಿದರು. ಇರಲಿ ಬಿಡ್ರಿ ಎಂದೆ.

ನನ್ನ ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಿದರು. ಕಣ್ಣಿಗೆ ಅರಿಸಿನದ ಬಣ್ಣದ ಹನಿ ಮುಟ್ಟಿಸಿ, ನೀಲಿ ದೀಪ ಹಾಕಿದರು. ಪಕ್ಕದ ಟಿವಿಯ ಮೇಲೆ ನನ್ನ ಕಣ್ಣು ರೊಟ್ಟಿಯ ಹೆಂಚಿನಷ್ಟು ದೊಡ್ಡದಾಗಿ ಬಂತು.

"ಇದು ನಮ್ಮ ತಂಗಿ ಕಣ್ಣಾ?" ಅಂದ ಅಣ್ಣ. ಅವನಿಗೆ ಹೆದರಿಕೆಯಾಗಿತ್ತು.

"ಕಣ್ಣು ಮಿಟುಕಿಸಮ್ಮಾ. ಈಗ ತೆರೆದು ಹಂಗ ಇರು," ಅಂದರು ಡಾಕ್ಟರು. ಹಸಿರು ಬಣ್ಣದ ತೆಳು ಪೊರೆ ಕಣ್ಣಿನ ಮೇಲೆ ಹರಡಿದ್ದು ಕಂಡಿತಂತೆ. ನೋಡುನೋಡುತ್ತಲೇ ಅದರಲ್ಲಿ ಕಪ್ಪು ತೇಪೆಗಳು ಎದ್ದು, ಪೊರೆ ಹರಿದು ಹೋಯಿತಂತೆ. ನನಗೆ ಕಂಡಿದ್ದು ನೀಲಿ ದೀಪ ಮಾತ್ರ. ಇದೆಲ್ಲ ಅಣ್ಣ ಆಮೇಲೆ ಊರೂರಲ್ಲಿ ಹೇಳಿದ್ದು.

ಡಾಕ್ಟರು ಬಿಡಿಸಿ ಹೇಳಿದರು. ಕಣ್ಣೀರು ಬರೀ ನೀರಲ್ಲ, ಅದರ ಮೇಲೆ ಎಣ್ಣೆಯ ತೆಳು ಪದರ ಇರಬೇಕು. ರೆಪ್ಪೆಯ ಅಂಚಿನಲ್ಲಿ ಆ ಎಣ್ಣೆ ಒಸರುವ ಸಣ್ಣ ಸಣ್ಣ ಬಾಯಿಗಳಿರುತ್ತವೆ. ನನ್ನವು ಗಟ್ಟಿಯಾಗಿ ಮುಚ್ಚಿಕೊಂಡಿದ್ದವು. ಎಣ್ಣೆ ಇಲ್ಲದ್ದಕ್ಕೆ ನೀರು ಆಗಿಂದಾಗ ಆರಿ, ಕಣ್ಣು ಒಣಗಿ ಉರಿಯುತ್ತದೆ. ಉರಿ ಕಂಡು ಮೈ ಗಾಬರಿಯಾಗಿ ಬರೀ ನೀರನ್ನು ಧಾರಾಳ ಸುರಿಸುತ್ತದೆ. ಆ ನೀರು ನಿಲ್ಲುವುದಿಲ್ಲ, ಕೆನ್ನೆಗೆ ಇಳಿದುಹೋಗುತ್ತದೆ. "ಡ್ರೈ ಐ ಇದು. ಕಣ್ಣು ಒಣಗ್ಯಾವ, ಅದಕ್ಕ ನೀರು ಬರಾಕತ್ತಾವ. ಅಳೂದಕ್ಕೂ ಇದಕ್ಕೂ ಏಮೀ ಸಂಬಂಧ ಇಲ್ಲ," ಅಂದರು.

"ಕೇಳಿದೇನು?" ಅಂದರು ಅತ್ತೆ ಅಣ್ಣನಿಗೆ. ಅವರ ಗಂಟಲು ವಾಪಸು ಬಂದಿತ್ತು. "ಎಣ್ಣಿ ಇಲ್ಲ ಆಕಿ ಕಣ್ಣಾಗ. ಎಣ್ಣಿ ನಾ ತಗದೀನೇನು? ಡಾಕ್ಟರಮ್ಮಾ, ಒಂದು ಸಲ ನಮ್ಮ ಓಣಿಗೆ ಬಂದು ಇದನ್ನ ಹಿಂಗ ಹೇಳಿ ಹೋಗ್ರಿ. ಆಟೋ ಕಳಸ್ತೀನಿ."

ಡಾಕ್ಟರು ನಕ್ಕು, ನನಗೆ ಮಾಡಬೇಕಾದ್ದನ್ನು ಹೇಳತೊಡಗಿದರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮುಚ್ಚಿದ ರೆಪ್ಪೆಗೆ ಶಾಖ. ಆಮೇಲೆ ರೆಪ್ಪೆಯ ಅಂಚನ್ನು ಮೆಲ್ಲಗೆ ನೀವಿ ಒರೆಸುವುದು. ಹಗಲು ಹನಿ, ಮಲಗುವಾಗ ಜೆಲ್. ಫ್ಯಾನಿನ ಗಾಳಿ ಮುಖಕ್ಕೆ ಬೇಡ, ಕಾಡಿಗೆ ಬೇಡ, ಹರಳೆಣ್ಣೆ ಬೇಡ. ನಾಲಗೆಯ ವಿಷಯ ಹೇಳಿದಾಗ ಮಾತ್ರ ಆಕೆ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಗೋಡೆ ನೋಡಿದರು.

ಇಷ್ಟಕ್ಕೆ ಎದ್ದು ಬರಬೇಕಿತ್ತು. ಗೆದ್ದ ಖುಷಿಯಲ್ಲಿ ಅತ್ತೆ ಒಂದು ಮಾತು ಹೆಚ್ಚಿಗೆ ಆಡಿದರು. "ಈಗಿನ ಮಂದಿ ನಾಜೂಕು. ಇದಕ್ಕೂ ಒಬ್ರು ಡಾಕ್ಟರಾ? ನನ್ನ ಕಣ್ಣಾಗ ವರ್ಷಗಟ್ಲೆ ಆತು, ಉಸುಕು ಹಾಕಿ ತಿಕ್ಕಿದಂಗ ಆಗತೈತಿ. ಯಾರ ಮುಂದರ ಅಂದೀನೇನು?"

ಡಾಕ್ಟರು ಅವರನ್ನು ಮೊದಲ ಸಲ ಸರಿಯಾಗಿ ನೋಡಿದರು. "ನೀವು ಬರ್ರಿ ಅಮ್ಮಾ, ಇಲ್ಲಿ ಕೂಡ್ರಿ," ಅಂದರು. ಅತ್ತೆ ಒಲ್ಲೆ ಎಂದರು. ಅಣ್ಣ, "ಕೂಡ್ರಿ ಅತ್ತಿ, ಟಿವ್ಯಾಗ ಬರ್ತಾವ," ಎಂದು ಪುಸಲಾಯಿಸಿದ. ಅವನಿಗೆ ಅಷ್ಟು ಹೊತ್ತಿಗೆ ಈ ಆಟ ಹಿಡಿಸಿತ್ತು.

ಅತ್ತೆಗೆ ಬೇರೆ ಪರೀಕ್ಷೆ. ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ಕೆಳಗಿನ ರೆಪ್ಪೆಗೆ ಸಿಕ್ಕಿಸಿ ಕಣ್ಣು ಮುಚ್ಚಿಸಿದರು. ಕಣ್ಣಿನ ನೀರು ಅದನ್ನು ಎಷ್ಟು ದೂರ ತೋಯಿಸುತ್ತದೆ ಎಂದು ನೋಡುವುದು. ಎರಡು ಕಣ್ಣಿನಿಂದ ಎರಡು ಕಾಗದ ನೇತಾಡಿಸಿಕೊಂಡು ಕೂತ ಅತ್ತೆಯನ್ನು ನೋಡಿ ನನಗೆ ಮತ್ತೆ ನಗು ಬಂತು, ಮತ್ತೆ ನೀರು ಬಂತು. ಹೊತ್ತು ಮುಗಿದ ಮೇಲೆ ಡಾಕ್ಟರು ಪಟ್ಟಿ ತೆಗೆದು ಬೆಳಕಿಗೆ ಹಿಡಿದರು. ಎರಡೂ ಪೊಟ್ಟಣದಿಂದ ಬಿಚ್ಚಿದಾಗ ಇದ್ದ ಹಾಗೇ ಇದ್ದವು.

ಆಮೇಲೆ ಆಕೆ ಒಂದೊಂದಾಗಿ ಕೇಳಿದರು. ಬಾಯಿ ಒಣಗುತ್ತದೆಯೇ? ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದದೆ ನುಂಗಲಾಗುವುದಿಲ್ಲ ಎಂದರು ಅತ್ತೆ. ಕೀಲು ನೋವು? ಬೆಳಿಗ್ಗೆ ಬೆರಳು ಮಡಚಲಾಗುವುದಿಲ್ಲ. ಉಳ್ಳಾಗಡ್ಡಿ ಹೆಚ್ಚಿದರೆ? ಇಲ್ಲಿ ಅತ್ತೆ ಕತ್ತು ನೆಟ್ಟಗೆ ಮಾಡಿದರು. "ನನಗ ಉಳ್ಳಾಗಡ್ಡಿ ಏನೂ ಮಾಡಲ್ಲ."

"ಮತ್ತ ಅಳು ಬಂದ್ರ? ಏಡಿಸ್ತೇ ಕಣ್ಣಾಗ ನೀರು ಬರ್ತಾವ ಅಮ್ಮಾ?"

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಅಣ್ಣನ ಕಡೆ ನೋಡಿದರು. "ಬರಲ್ಲ," ಅಂದರು. "ಭಾಳ ವರ್ಷ ಆತು. ಒಳಗ ಎಲ್ಲಾ ಆಗತೈತಿ. ನೀರು ಬರಲ್ಲ."

ನನಗೆ ಮಾವನವರ ಸಾವು ನೆನಪಾಯಿತು. ಅವರು ಹೋಗಿ ಕೆಲವು ವರ್ಷಗಳಾಗಿವೆ. ಪಡಸಾಲೆಯಲ್ಲಿ ಅವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ನಮ್ಮ ಕಡೆಯ ಪದ್ಧತಿಯಂತೆ ಹೆಂಗಸರು ಸುತ್ತ ಕೂತು, ಸತ್ತವರ ಗುಣ ಹಾಡಿ ಹೇಳಿ ಅಳುತ್ತಿದ್ದರು. ಅತ್ತೆ ನಡುವೆ ಕೂತಿದ್ದರು, ಕಣ್ಣು ಕೆಂಪಗಿದ್ದವು, ಒಂದು ಹನಿ ಇರಲಿಲ್ಲ. ಮಾವನ ತಂಗಿ, ಎಮ್ಮಿಗನೂರಿಗೆ ಕೊಟ್ಟಾಕೆ, ಬಂದವರೇ ತಮ್ಮ ಅಣ್ಣನ ಕಾಲಿಗೆ ಬಿದ್ದು ಹೊರಳಾಡಿ ಅತ್ತರು. ಆಮೇಲೆ ಅತ್ತೆಯ ಎರಡೂ ಭುಜ ಹಿಡಿದು ಜಗ್ಗಿ, "ಅಳು, ಅಳಾಕೂ ಬರಲ್ಲೇನು ನಿನಗ? ಕಲ್ಲದೀಯೇನು ನೀನು?" ಎಂದು ಕಿರುಚಿದರು. ಓಣಿಯವರೆಲ್ಲ ಕೇಳಿಸಿಕೊಂಡರು. ಅಂದಿನಿಂದ ಮಾವನ ತಂಗಿ ತಮ್ಮ ಅಣ್ಣನ ವರ್ಷದ ದಿನಕ್ಕೆ ಮಾತ್ರ ನಮ್ಮ ಮನೆಗೆ ಬರುತ್ತಾರೆ. ಅತ್ತೆ ಬಡಿಸಿದ್ದನ್ನು ತಿನ್ನುವುದಿಲ್ಲ, ನಾನು ಬಡಿಸಬೇಕು. ಗಂಡ ಸತ್ತರೆ ಒಂದು ಹನಿ ಹಾಕದವಳು ಸೊಸೆಯನ್ನು ಗೋಳು ಹೊಯ್ಕೊಳ್ಳದೆ ಬಿಟ್ಟಾಳೇ ಎಂದು ಓಣಿ ಇಷ್ಟು ಸುಲಭವಾಗಿ ನಂಬಿದ್ದಕ್ಕೂ ಆ ದಿನವೇ ಕಾರಣ. ನಾನೂ ಆಗ ಅತ್ತೆಯನ್ನು ಗಟ್ಟಿಗಿತ್ತಿ ಅಂದುಕೊಂಡಿದ್ದೆ, ಕಣ್ಣೀರಿಲ್ಲದ್ದನ್ನು ಒಂದು ಗುಣವೆಂದೇ ಎಣಿಸಿದ್ದೆ.

ಆಸ್ಪತ್ರೆಗೆ ಹೋಗಿಬಂದ ಮರುದಿನ ನಮ್ಮಣ್ಣ ಊರಿಗೆ ಹೊರಟಾಗ ಅತ್ತೆಯ ಕಾಲು ಮುಟ್ಟಿದ. "ತಪ್ಪಾತ್ರಿ ಅತ್ತಿ."

"ತಪ್ಪು ಹೋಗ್ಲಿ. ಮುಂದಿನ ಸಲ ಪಂಚಾಯ್ತಿಗೆ ಬರುವಾಗ ಶೇಂಗಾ ಹುರದು ತಗೊಂಬಾ. ಬಂದವರಿಗೆ ಚಹಾದ ಜೊತಿಗೆ ಕೊಡಾಕ ಬರತೈತಿ," ಅಂದರು ಅತ್ತೆ.

ನಮ್ಮ ಡಾಕ್ಟರು ಅತ್ತೆಯನ್ನು ಕರ್ನೂಲಿಗೆ ಕಳಿಸಿದರು. ರಕ್ತ ಪರೀಕ್ಷೆಗಳಾದವು, ಕೀಲಿನ ಡಾಕ್ಟರು ನೋಡಿದರು. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ, ಕಣ್ಣಿಗೂ ಬಾಯಿಗೂ ನೀರು ಕೊಡುವ ಗ್ರಂಥಿಗಳ ಮೇಲೆ ಬಿದ್ದು ಒಣಗಿಸುವ ಕಾಯಿಲೆ ಅದು ಎಂದರು. "ಮನಿ ಮಂದಿನ ಮನಿ ಕೆಡಸೂದು. ಗೊತ್ತಾತು ಬಿಡ್ರಿ," ಅಂದರು ಅತ್ತೆ. ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿಡಬಹುದು ಎಂದು ಮಾತ್ರೆ ಕೊಟ್ಟರು. ಕಣ್ಣಿನ ಒಳಮೂಲೆಯಲ್ಲಿ ನೀರು ಮೂಗಿಗೆ ಇಳಿದುಹೋಗುವ ಸಣ್ಣ ತೂತುಗಳಿಗೆ ಅಕ್ಕಿಯ ನುಚ್ಚಿಗಿಂತ ಸಣ್ಣ ಬಿರಡೆ ಹಾಕಿದರು, ಇದ್ದಬದ್ದ ನೀರಾದರೂ ಕಣ್ಣಲ್ಲೇ ನಿಲ್ಲಲಿ ಎಂದು. ಬಚ್ಚಲ ತೂಬಿಗೆ ಬಟ್ಟೆ ತುರುಕುವುದನ್ನು ಇಷ್ಟು ದೂರ ಬಂದು ಮಾಡಿಸಿಕೊಳ್ಳಬೇಕಾಯಿತಲ್ಲ ಎಂದು ಅವರು ಬಸ್ಸಿನುದ್ದಕ್ಕೂ ಗೊಣಗಿದರು.

ಈಗ ನಮ್ಮ ಮನೆಯಲ್ಲಿ ಬೆಳಗಾಗುವುದು ಬಿಸಿನೀರಿನ ಬಟ್ಟೆಯಿಂದ. ಕಟ್ಟೆಯ ಮೇಲೆ ಅತ್ತೆ ಸೊಸೆ ಸಾಲಾಗಿ, ಮುಖ ಮೇಲೆ ಮಾಡಿ, ಕಣ್ಣ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಕೂರುತ್ತೇವೆ. ಕಣ್ಣು ಮುಚ್ಚಿದ್ದರೂ ಜಗಳಕ್ಕೇನೂ ತೊಂದರೆ ಇಲ್ಲ. ಅತ್ತೆಗೆ ಹನಿ ಬಿಟ್ಟುಕೊಳ್ಳಲು ಬರುವುದಿಲ್ಲ, ಅದು ಹಣೆಯ ವ್ಯಾಪ್ತಿಯಲ್ಲಿ ಎಲ್ಲಿಯಾದರೂ ಬೀಳುತ್ತದೆ; ವಿಭೂತಿ ಕದಡುತ್ತದೆ, ಬೈಗುಳ ನನಗೆ ಬರುತ್ತದೆ. ಹಾಗಾಗಿ ನಾನೇ ಹಾಕುತ್ತೇನೆ. ರೆಪ್ಪೆಯನ್ನು ಗಟ್ಟಿಯಾಗಿ ಮುಚ್ಚಿ ತೆರೆಯುವ ವ್ಯಾಯಾಮವನ್ನೂ ಡಾಕ್ಟರು ಹೇಳಿಕೊಟ್ಟಿದ್ದರು; ಅದನ್ನು ನಾನು ಬಸ್ಸಿನಲ್ಲಿ ಮಾಡಿದ್ದಕ್ಕೆ ಕಂಡಕ್ಟರ್ ನನ್ನ ಸೀಟಿನ ಕಡೆ ಬರುವುದನ್ನೇ ಕಡಿಮೆ ಮಾಡಿದ. ನಾಲ್ಕಾರು ವಾರಗಳಲ್ಲಿ ನನ್ನ ನೀರು ಹತೋಟಿಗೆ ಬಂತು. ಎದುರು ಮನೆಯಾಕೆಗೆ ನಿರಾಶೆಯಾಯಿತು. ಅಳುವುದನ್ನೂ ಆ ಅತ್ತೆ ನಿಲ್ಲಿಸಿಬಿಟ್ಟಳು ಎಂದು ಹೇಳಿಕೊಂಡು ತಿರುಗಿದಳು.

ಓಣಿ ಏನಾದರೂ ಅನ್ನಲಿ ಎಂದು ಬಿಟ್ಟೆ. ಆದರೆ ಎಮ್ಮಿಗನೂರಿನ ಮಾವನ ತಂಗಿ ಅಂದ ಮಾತು ನನ್ನನ್ನು ಬಿಡಲಿಲ್ಲ. ಫೋನು ಮಾಡಿ ಹೇಳಿಬಿಡೋಣ ಅಂದೆ. ಅತ್ತೆ ಒಪ್ಪಲಿಲ್ಲ. "ಏನಂತ ಹೇಳ್ತಿ? ನಮ್ಮತ್ತಿಗೆ ಅಳು ಇತ್ತು, ತೂಬು ಒಣಗಿತ್ತು ಅಂತೀಯೇನು? ಕಲ್ಲು ಅಂದಾಳ, ಕಲ್ಲ ಇರ್ಲಿ. ಸತ್ತವರ ಮನ್ಯಾಗ ಆಡಿದ ಮಾತಿಗೆ ಡಾಕ್ಟರ ಚೀಟಿ ತೋರಿಸಾಕ ಹೋಗಬಾರದು."

ಮಾವನ ವರ್ಷದ ದಿನ ಬಂತು. ಬೆಳಿಗ್ಗೆ ಸಮಾಧಿಗೆ ಹೋಗಿ ಎಡೆ ಇಟ್ಟು ಬಂದೆವು. ಮಾವನ ತಂಗಿ ಎಮ್ಮಿಗನೂರಿನಿಂದ ಬಂದಿದ್ದರು, ಮೊದಲಿನಂತೆ ಎದುರು ಗೋಡೆಗೆ ಬೆನ್ನು ಕೊಟ್ಟು ಕೂತರು. ಊಟ ನಾನೇ ಬಡಿಸಿದೆ. ಹನಿಯ ಹೊತ್ತಾಗಿತ್ತು. ಅತ್ತೆಯ ಕಣ್ಣು ಕೆಂಪಾಗಿದ್ದವು, ಅವರು ಮತ್ತೆ ಮತ್ತೆ ರೆಪ್ಪೆ ಒತ್ತಿಕೊಳ್ಳುತ್ತಿದ್ದರು. ಹನಿಯ ಸಣ್ಣ ಪ್ಲಾಸ್ಟಿಕ್ ಕೊಳವೆಯ ತುದಿ ಮುರಿದು ಅವರ ಹತ್ತಿರ ಹೋದೆ. ಆಮೇಲೆ ಎಂದು ಕೈಸನ್ನೆ ಮಾಡಿದರು, ನಾದಿನಿಯ ಮುಂದೆ ಬೇಡ ಎಂದು. ನನಗೆ ಸಿಟ್ಟು ಬಂತು. ಇಷ್ಟು ವರ್ಷ ನನ್ನ ಸಾರಿನ ಉಪ್ಪಿಗೆ ಬಾಯಿ ಕಟ್ಟದ ಹೆಂಗಸು ಇಲ್ಲಿ ಯಾಕೆ ಬಾಯಿ ಕಟ್ಟಬೇಕು?

"ಅದೇನು ಅದು?" ಅಂದರು ಮಾವನ ತಂಗಿ.

"ಕಣ್ಣೀರು ರೀ," ಅಂದೆ ನಾನು. "ಇವರಿಗೆ ಅವು ಬರಲ್ಲ, ಅದಕ್ಕ ಕೊಂಡು ಹಾಕತೀವಿ." ಅಲ್ಲಿಂದ ಶುರುಮಾಡಿ ಕಾಗದದ ಪಟ್ಟಿ, ಕರ್ನೂಲು, ಬಿರಡೆ, ಮಾತ್ರೆ, ಒಂದೂ ಬಿಡದೆ ಹೇಳಿದೆ. ಅತ್ತೆ ಎರಡು ಸಲ ಸುಮ್ಮನಿರು ಅಂದರು, ನಾನು ಸುಮ್ಮನಿರಲಿಲ್ಲ.

ಮಾವನ ತಂಗಿ ಕೈ ತೊಳೆಯದೆ ಹಾಗೇ ಕೂತಿದ್ದರು, ಬೆರಳಿಗೆ ಹತ್ತಿದ ಹೋಳಿಗೆಯ ತುಪ್ಪ ಒಣಗುತ್ತಿತ್ತು. ಆಮೇಲೆ ಅತ್ತೆಯ ಕಡೆ ತಿರುಗಿದರು. ಮಾವ ಹೋದ ಮೇಲೆ ಮೊದಲ ಸಲ ಆಕೆ, ಅವರ ಕಡೆ ಅತ್ತಿಗೆಗೆ ಅನ್ನುವಂತೆ, ಅತ್ತೆಯನ್ನು ವದಿನಾ ಎಂದು ಕರೆದದ್ದನ್ನು ಕೇಳಿದೆ.

"ವದಿನಾ, ಹಂಗಾರ ಅವತ್ತು ನೀನು..."

"ಅಳಾಕತ್ತಿದ್ದೆ," ಅಂದರು ಅತ್ತೆ. ದನಿ ಎತ್ತರಿಸಲಿಲ್ಲ. "ನೀ ಭುಜ ಹಿಡದು ಜಗ್ಗಿದೆಲ್ಲ, ಆಗ್ಲೂ ಅಳಾಕತ್ತಿದ್ದೆ."

ಮಾವನ ತಂಗಿಯ ಮುಖ ಕುಸಿಯಿತು. ಗೋಡೆ ಬಿಟ್ಟು, ತಟ್ಟೆ ದಾಟಿ, ಮಂಡಿಯ ಮೇಲೆಯೇ ತೆವಳಿಕೊಂಡು ಬಂದು ಅತ್ತೆಯ ತೊಡೆಯ ಮೇಲೆ ಮುಖ ಇಟ್ಟರು. ಜೋರಾಗಿ ಅತ್ತರು, ಎಂಜಲು ಕೈಯಲ್ಲೇ ಅತ್ತೆಯ ಸೀರೆ ಹಿಡಿದು. ಕಣ್ಣು, ಮೂಗು, ಕೆನ್ನೆ ಎಲ್ಲ ಒದ್ದೆಯಾಗಿ ಅತ್ತೆಯ ನೆರಿಗೆ ತೊಯ್ದಿತು.

ಅತ್ತೆ ಅವರ ತಲೆಯ ಮೇಲೆ ಕೈ ಇಟ್ಟು, ಆ ನೀರನ್ನೇ ನೋಡುತ್ತ ಕೂತರು. ಅವರ ಗದ್ದ ನಡುಗುತ್ತಿತ್ತು, ಕಣ್ಣು ಒಣಗಿಯೇ ಇದ್ದವು. ಕೊಳವೆ ಹಿಡಿದು ನಿಂತಿದ್ದ ನನಗೆ, ಮೆಲ್ಲಗೆ, "ನೋಡು, ಇಕಿಗೆ ಎಷ್ಟು ಸಲೀಸಾಗಿ ಬರ್ತಾವ," ಅಂದರು.